ಸೋರದ ಕ್ಯಾಮೆರಾ

"ಫೋಟೋ ತೆಗೆಯೋದು ಅಂದ್ರೆ ಏನು? ಬೆಳಕನ್ನ ಒಂದು ಕೊಳವೆಯ ಈ ತುದಿಯಿಂದ ಆ ತುದಿಗೆ ಸೋರದ ಹಾಗೆ ಸಾಗಿಸೋದು. ಅಷ್ಟೇ ತಾನೆ? ಆ ಕೆಲಸಾನ ನಾನು ಇಪ್ಪತ್ತಾರು ವರ್ಷದಿಂದ ನೀರಿನ ಜೊತೆ ಮಾಡ್ತಾ ಇದ್ದೀನಿ. ಬೆಳಕು ಯಾವ ಲೆಕ್ಕ? ಅದಕ್ಕೆ ತೂಕ ಕೂಡ ಇಲ್ಲ."

ನೀರು ಸರಬರಾಜು ಕಚೇರಿಯ ಸ್ಟೋರ್ ಕೀಪರ್ ಅವರು ಸೋಮವಾರ ಬೆಳಿಗ್ಗೆ ತಿಂಡಿಯ ಮೇಜಿನ ಮುಂದೆ ಕುಳಿತು, ಚಮಚವನ್ನು ರಾಜದಂಡದಂತೆ ಎತ್ತಿ ಹಿಡಿದು, ಈ ಮಾತನ್ನು ಲೋಕಕ್ಕೆ ತಿಳಿಸಿದರು. ಲೋಕ ಎಂದರೆ ಅವರ ಹೆಂಡತಿ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ಆಕೆ ಬಸ್ಸಿಗೆ ಹೊತ್ತಾಯಿತೆಂದು ನಿಂತೇ ತಿನ್ನುತ್ತಿದ್ದಳು.

ಕಚೇರಿಯಲ್ಲಿ ಅವರನ್ನು ಎಲ್ಲರೂ ಫಿಟಿಂಗ್ ಸಾಹೇಬರು ಎನ್ನುತ್ತಾರೆ. ಎದುರಿಗೆ ಒಂದು ದನಿಯಲ್ಲಿ, ಬೆನ್ನ ಹಿಂದೆ ಇನ್ನೊಂದು ದನಿಯಲ್ಲಿ. ಪದ ಒಂದೇ ಆದ್ದರಿಂದ ಸಾಹೇಬರಿಗೆ ಇದುವರೆಗೂ ವ್ಯತ್ಯಾಸ ಗೊತ್ತಾಗಿಲ್ಲ. ಅವರ ಜೀವನದರ್ಶನ ಸರಳ: ಈ ಜಗತ್ತಿನಲ್ಲಿ ಒಂದಕ್ಕೊಂದು ಜೋಡಿಸಲಾಗದ ಎರಡು ವಸ್ತುಗಳು ಇಲ್ಲವೇ ಇಲ್ಲ, ನಡುವೆ ಯಾವ ರೆಡ್ಯೂಸರ್ ಹಾಕಬೇಕೆಂದು ತಿಳಿಯದ ಅಜ್ಞಾನಿಗಳು ಮಾತ್ರ ಇದ್ದಾರೆ. ದಪ್ಪ ಪೈಪಿನಿಂದ ಸಣ್ಣ ಪೈಪಿಗೆ ಇಳಿಯಲು ನಡುವೆ ಕೂರಿಸುವ ಆ ಮೋಟು ತುಂಡಿನ ಬಗ್ಗೆ ಅವರು ಮಾತಾಡುವಾಗ ಕಣ್ಣಂಚು ಒದ್ದೆಯಾಗುತ್ತದೆ. ಹೆಂಡತಿಯ ಬಗ್ಗೆ ಮಾತಾಡುವಾಗ ಹಾಗೆ ಆದದ್ದನ್ನು ಕಂಡವರಿಲ್ಲ.

ಮೇಜಿನ ಮೇಲೆ ಕ್ಯಾಮೆರಾ ಇತ್ತು. ಹೆಂಡತಿ ತನ್ನ ಸಂಬಳದಲ್ಲಿ ತಂದದ್ದು. ಸೋಪಿನ ಪೆಟ್ಟಿಗೆಯಷ್ಟು ಗಾತ್ರ. ಗುಂಡಿ ಒತ್ತಿದರೆ ಲೆನ್ಸು ಆಮೆಯ ತಲೆಯಂತೆ ಹೊರಗೆ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಒಳಗೆ ಹೋಗುತ್ತದೆ. ಫೋನುಗಳು ಇನ್ನೂ ಬರೀ ಮಾತಾಡಲು ಮಾತ್ರ ಇದ್ದ ಕಾಲ ಅದು. ಮನೆಗೆ ಕ್ಯಾಮೆರಾ ಬಂತೆಂದರೆ ನಾಲ್ಕು ಜನ ನೋಡಲು ಬರುತ್ತಿದ್ದರು.

"ನಂಗೆ ಬೇಕಿರೋದು ಒಂದೇ ಒಂದು ಫೋಟೋ," ಎಂದಳು ಹೆಂಡತಿ. "ಅಮ್ಮ ಹೊಲಿಗೆ ಮಷೀನಿನ ಮುಂದೆ ಕೂತಿರ್ಬೇಕು. ಕಣ್ಣು ತೆರೆದಿರ್ಬೇಕು. ಭಾನುವಾರ ಹನ್ನೊಂದಕ್ಕೆ ಗಾಡಿ ಬರತ್ತೆ. ಆಮೇಲೆ ಮಷೀನೂ ಇಲ್ಲ, ಅಂಗಡೀನೂ ಇಲ್ಲ. ಅದಕ್ಕೇ ಇದನ್ನ ತಂದಿದ್ದು. ನಾನೇ ತೆಗೀತೀನಿ, ನೀವು ದಯವಿಟ್ಟು ಇದನ್ನ ಮುಟ್ಟಬೇಡಿ."

ಆಕೆಯ ತಾಯಿ, ಅಂದರೆ ಸಾಹೇಬರ ಅತ್ತೆ, ಬೀದಿಯ ತುದಿಯಲ್ಲಿ ನಲವತ್ತೊಂದು ವರ್ಷ ಹೊಲಿಗೆ ಅಂಗಡಿ ನಡೆಸಿದವರು. ಆ ಮಷೀನನ್ನು ತುಳಿದೇ ಮಗಳನ್ನು ಓದಿಸಿದ್ದರು. ಈಗ ದಾರ ಪೋಣಿಸಲು ಮೂರು ಸಲ ಬೇಕಾಗುತ್ತಿತ್ತು. ಡೇರೆ ಹೊಲಿಯುವ ಕಾರ್ಖಾನೆಯೊಂದಕ್ಕೆ ಮಷೀನು ಕೊಟ್ಟು ಅಂಗಡಿ ಮುಚ್ಚುವುದೆಂದು ಅವರೇ ತೀರ್ಮಾನಿಸಿದ್ದರು. ಅವರಿಗಿದ್ದ ಇನ್ನೊಂದು ದೌರ್ಬಲ್ಯ, ಫ್ಲಾಶ್ ಬೆಳಕು. ಎದುರಿಗೆ ಫ್ಲಾಶ್ ಮಿಂಚುವ ಒಂದು ಕ್ಷಣ ಮೊದಲೇ ಅವರ ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ಅದು ಹೇಗೆ ಮುಂಚಿತವಾಗಿ ತಿಳಿಯುತ್ತಿತ್ತೋ ದೇವರೇ ಬಲ್ಲ. ಮಗಳ ಮದುವೆಯ ಆಲ್ಬಮ್ಮಿನಲ್ಲಿ ಅವರು ಇಪ್ಪತ್ತಮೂರು ಫೋಟೋಗಳಲ್ಲಿ ನಿಂತುಕೊಂಡೇ ನಿದ್ದೆ ಮಾಡುತ್ತಿದ್ದಾರೆ.

"ಮುಟ್ಟಬೇಡಿ ಅಂದ್ರೆ?" ಸಾಹೇಬರು ಚಮಚ ಇಳಿಸಿದರು. "ನೀನು ಹೇಗೆ ತೆಗೀತೀಯ?"

"ಪುಸ್ತಕದಲ್ಲಿ ಬರೆದಿದ್ದಾರೆ. 'ಗುಂಡಿ ಒತ್ತಿ.'"

"ಗುಂಡಿ ಒತ್ತೋದಂತೆ! ಫ್ಲಾಶ್ ಹಾಕಿದ್ರೆ ನಿಮ್ಮಮ್ಮ ಕಣ್ಣು ಮುಚ್ತಾರೆ. ಹಾಕದೇ ಇದ್ರೆ ಕೈ ಅಲ್ಲಾಡಿ ಫೋಟೋ ಮಸುಕಾಗತ್ತೆ. ಆದ್ರಿಂದ ಟ್ರೈಪಾಡ್ ಬೇಕು. ಅಂಗಡಿ ಎಷ್ಟಿದೆ? ಎಂಟಡಿಗೆ ಆರಡಿ. ಅಷ್ಟು ಹತ್ತಿರದಿಂದ ಅಮ್ಮ ಬಂದ್ರೆ ಮಷೀನ್ ಬರಲ್ಲ, ಮಷೀನ್ ಬಂದ್ರೆ ಅಮ್ಮ ಬರಲ್ಲ. ಆದ್ರಿಂದ ಅಗಲ ಕಾಣೋ ವೈಡ್ ಲೆನ್ಸ್ ಬೇಕು. ಅದನ್ನ ಇದಕ್ಕೆ ಕೂರಿಸೋಕೆ ಅಡಾಪ್ಟರ್ ಬೇಕು. ನೀನು ತಂದಿರೋದು ಬರೀ ನಲ್ಲಿ. ಫಿಟಿಂಗ್ಸ್ ಎಲ್ಲಿ?"

ಇದರಲ್ಲಿ ಒಂದು ಮಾತೂ ತಪ್ಪಿಲ್ಲ ಎಂಬುದೇ ಮುಂದಿನ ಅನಾಹುತಕ್ಕೆಲ್ಲ ಕಾರಣ. ಪೂರ್ತಿ ತಪ್ಪು ಮಾತಾಡುವ ಗಂಡನನ್ನು ಹೆಂಡತಿ ಸುಮ್ಮನಾಗಿಸಬಹುದು. ಮುಕ್ಕಾಲು ಪಾಲು ಸರಿ ಇರುವವನನ್ನು ಏನು ಮಾಡುವುದು? ಆಕೆ ಗಡಿಯಾರ ನೋಡಿದಳು. ಬಸ್ಸು ಬರುವ ಹೊತ್ತಾಗಿತ್ತು. "ಭಾನುವಾರ, ಹನ್ನೊಂದು ಗಂಟೆ," ಎಂದಷ್ಟೇ ಹೇಳಿ ಹೊರಟಳು. ಸಾಹೇಬರು ಅದನ್ನು ಮಂಜೂರಾತಿ ಎಂದು ತಿಳಿದುಕೊಂಡರು.

ಅಂದು ಸಂಜೆಯೇ ಅವರು ಕ್ಯಾಮೆರಾ ಅಂಗಡಿಗೆ ಹೋದರು. ಕೈಯಲ್ಲಿ ಒಂದು ಚೀಟಿ. ಕ್ಯಾಮೆರಾ ಮನೆಯಲ್ಲೇ. ಇಪ್ಪತ್ತಾರು ವರ್ಷ ಅವರು ಚೀಟಿಯ ಮೇಲಿನ ಅಳತೆ ನೋಡಿ ಸಾಮಾನು ಕೊಟ್ಟವರು. ಅಳತೆ ಇದ್ದರೆ ವಸ್ತುವಿನ ಮುಖ ನೋಡುವುದು ಅವಮಾನ ಎಂದು ನಂಬಿದವರು. ಲೆನ್ಸಿನ ಸುತ್ತ ಕೆತ್ತಿದ್ದ ಅಂಕಿಗಳಲ್ಲಿ ಮೊದಲನೆಯದನ್ನು ಬರೆದುಕೊಂಡು ಬಂದಿದ್ದರು.

ಅಂಗಡಿಯವನು ಶಾಂತ ಸ್ವಭಾವದ ಮನುಷ್ಯ. ಗಿರಾಕಿ ತಪ್ಪು ಮಾಡುವಾಗ ಅಡ್ಡ ಬರಬಾರದು ಎಂಬ ನಿಯಮ ಇಟ್ಟುಕೊಂಡವನು.

"ಮೂವತ್ತೈದು ಎಂಎಂಗೆ ಕೂರೋ ಒಂದು ವೈಡ್ ಲೆನ್ಸ್ ಕೊಡಿ."

"ಕ್ಯಾಮೆರಾ ತಂದಿದ್ದೀರಾ ಸಾರ್?"

"ನೀವು ನಲ್ಲಿ ತಗೊಳ್ಳೋಕೆ ಹೋಗುವಾಗ ಮನೆ ಗೋಡೆ ಕಿತ್ಕೊಂಡು ಹೋಗ್ತೀರಾ?"

ಅಂಗಡಿಯವನು ಯೋಚಿಸಿದ. "ಇಲ್ಲ ಸಾರ್. ಮೂವತ್ತೈದು ಇಲ್ಲ, ಮೂವತ್ತೇಳು ಇದೆ."

"ಎರಡು ಎಂಎಂ ನಂಗೆ ಬಿಡಿ," ಎಂದರು ಸಾಹೇಬರು, ಅಣೆಕಟ್ಟು ಕಟ್ಟಿದವರ ದನಿಯಲ್ಲಿ.

ಮನೆಗೆ ಬಂದು ನೋಡಿದರೆ ಎರಡು ಎಂಎಂ ಮಾತು ಹಾಗಿರಲಿ, ಆ ಲೆನ್ಸನ್ನು ತಿರುಗಿಸಿ ಕೂರಿಸಲು ಕ್ಯಾಮೆರಾದ ಮೂತಿಯಲ್ಲಿ ತಿರುಪಿನ ಗೀರು, ಅಂದರೆ ಥ್ರೆಡ್ಡೇ ಇರಲಿಲ್ಲ. ಹೆಂಡತಿ ಕ್ಯಾಮೆರಾದ ಪುಸ್ತಕ ತೆಗೆದು ಏಳನೆಯ ಪುಟ ಓದಿದಳು. ಮೂವತ್ತೈದು ಎಂಬುದು ಲೆನ್ಸಿನ ಸುತ್ತಳತೆಯಲ್ಲ, ಅಡ್ಡಳತೆಯಲ್ಲ. ಅದರ ನೋಟ ಎಷ್ಟು ಅಗಲ ಎಂದು ಹೇಳುವ ಅಂಕಿ.

"ಅಂದ್ರೆ ನನ್ನ ವಯಸ್ಸು ಕೇಳಿ ನಂಗೆ ಚಪ್ಪಲಿ ತಂದ ಹಾಗಾಯ್ತು."

"ನಿನ್ನ ವಯಸ್ಸಿನ ಅಳತೆಯ ಚಪ್ಪಲಿ ಸಿಗಲ್ಲ ಬಿಡು," ಎಂದರು ಸಾಹೇಬರು. ಆ ವಾರದಲ್ಲಿ ಅವರು ಗೆದ್ದ ಏಕೈಕ ಮಾತು ಅದು. ಅದಕ್ಕೆ ಮಂಗಳವಾರ ಅವರ ಊಟದ ಡಬ್ಬಿ ಖಾಲಿ ಹೋಯಿತು.

ಎರಡನೆಯ ಸಲ ಕ್ಯಾಮೆರಾ ತೆಗೆದುಕೊಂಡೇ ಹೋದರು. ಅಂಗಡಿಯವನು ಅದನ್ನು ಕೈಗೆತ್ತಿಕೊಂಡು ಲೆನ್ಸಿನ ಬುಡದಲ್ಲಿದ್ದ ಅಲಂಕಾರದ ಬಳೆಯನ್ನು ಒಂದು ಗುಂಡಿ ಒತ್ತಿ ಕಳಚಿದ. ಒಳಗೆ ನೋಡಿದರೆ ಥ್ರೆಡ್! ನುಣುಪಾದ, ಸಣ್ಣ, ಅಚ್ಚುಕಟ್ಟಾದ ಥ್ರೆಡ್. ಸಾಹೇಬರು ಅದರ ಮೇಲೆ ಬೆರಳಾಡಿಸಿದರು. ಅವರ ಮಟ್ಟಿಗೆ ಕ್ಯಾಮೆರಾ ಅಲ್ಲಿಯವರೆಗೆ ಒಂದು ಆಟದ ಸಾಮಾನಾಗಿತ್ತು. ಆ ಕ್ಷಣದಿಂದ ಅದು ಅವರ ಇಲಾಖೆಗೆ ಸೇರಿತು.

"ಇಲ್ಲಿ ಅಡಾಪ್ಟರ್ ಟ್ಯೂಬ್ ಕೂರತ್ತೆ ಸಾರ್. ಟ್ಯೂಬಿನ ಮುಂದೆ ನಿಮ್ಮ ವೈಡ್ ಲೆನ್ಸ್."

"ಟ್ಯೂಬ್," ಎಂದು ಸಾಹೇಬರು ಪ್ರೀತಿಯಿಂದ ಉಚ್ಚರಿಸಿದರು. "ಕೊಡಿ. ಇನ್ನೇನೇನು ಬೇಕು ಆರಂಭಕ್ಕೆ?"

ಈ ಪ್ರಶ್ನೆ ಕೇಳಿಸಿಕೊಳ್ಳುವುದಕ್ಕಾಗಿಯೇ ಆ ಅಂಗಡಿಯವನು ಪ್ರತಿದಿನ ಬಾಗಿಲು ತೆರೆಯುತ್ತಿದ್ದ. ಒಂದು ಟ್ರೈಪಾಡ್. ಎರಡನೆಯ ಬ್ಯಾಟರಿ. ಕ್ಯಾಮೆರಾಗೆ ಮೈಗೆ ಮೈ ಅಂಟುವಂಥ ಚರ್ಮದ ಚೀಲ. ದೂಳು ಊದುವ ರಬ್ಬರ್ ಬುರುಡೆ. ಊದಿದರೂ ಹೋಗದ ದೂಳಿಗೆ ಒಂದು ಕುಂಚ. ಕುಂಚದಿಂದ ಉದುರಿದ ಕೂದಲು ಒರೆಸಲು ಒಂದು ಬಟ್ಟೆ.

"ಮೆಮೊರಿ ಕಾರ್ಡ್ ದೊಡ್ಡದು ಬೇಡ್ವಾ ಸಾರ್? ಡಬ್ಬದ ಜೊತೆ ಬಂದಿರೋದ್ರಲ್ಲಿ ಎಂಟೇ ಫೋಟೋ ಹಿಡಿಯತ್ತೆ."

"ನಮಗೆ ಬೇಕಿರೋದು ಒಂದೇ," ಎಂದರು ಸಾಹೇಬರು, ವ್ಯರ್ಥ ಖರ್ಚನ್ನು ತಡೆದ ತೃಪ್ತಿಯಲ್ಲಿ.

ಟ್ಯೂಬಿನ ಮೂತಿ ದೊಡ್ಡದು, ವೈಡ್ ಲೆನ್ಸಿನ ಬುಡ ಸಣ್ಣದು. ನಡುವೆ ಒಂದು ಬಳೆ ಬೇಕು. ಅಂಗಡಿಯವನು ಅಳತೆ ಮಾಡಿಕೊಡುತ್ತೇನೆಂದ. ಸಾಹೇಬರು ನಕ್ಕರು. ಮರುದಿನ ಕಚೇರಿಯ ವರ್ನಿಯರ್ ಕ್ಯಾಲಿಪರಿನಲ್ಲಿ ತಾವೇ ಅಳೆದರು. ನಲವತ್ತೊಂಬತ್ತು ಎಂಎಂ. ನಲವತ್ತೊಂಬತ್ತರಿಂದ ಮೂವತ್ತೇಳಕ್ಕೆ ಇಳಿಯುವ ಬಳೆ ತಂದರು. ಅದು ಟ್ಯೂಬಿನ ಒಳಕ್ಕೆ ತಟ್ಟೆಯಲ್ಲಿ ಬಿದ್ದ ನಾಣ್ಯದಂತೆ ಬಿತ್ತು.

ಇಂಥ ತಪ್ಪು ಸಾಮಾನ್ಯ ಮನುಷ್ಯನಿಂದ ಆಗುವಂಥದ್ದಲ್ಲ. ಅದಕ್ಕೆ ಇಪ್ಪತ್ತಾರು ವರ್ಷದ ಅನುಭವ ಬೇಕು. ಪೈಪಿನ ಲೋಕದಲ್ಲಿ ಅರ್ಧ ಇಂಚು ಎಂದರೆ ಒಳಗಿನ ತೂತಿನ ಅಳತೆ. ಹೊರಗಿನ ಮೈ ಎಷ್ಟಿದ್ದರೂ ಯಾರೂ ಕೇಳುವುದಿಲ್ಲ. ಕ್ಯಾಮೆರಾದ ಲೋಕದಲ್ಲಿ ಥ್ರೆಡ್ಡಿನ ಹೊರ ಅಂಚಿನ ಅಳತೆ. ಸಾಹೇಬರು ನಿಷ್ಠೆಯಿಂದ ತೂತನ್ನು ಅಳೆದಿದ್ದರು. ಟ್ಯೂಬು ಐವತ್ತೆರಡರದು.

"ಅದನ್ನ ವಾಪಸ್ ಕೊಟ್ಟು ಐವತ್ತೆರಡರಿಂದ ಮೂವತ್ತೇಳರದು ತಗೊಂಡು ಹೋಗಿ ಸಾರ್. ಒಂದೇ ಬಳೇಲಿ ಕೆಲಸ ಮುಗಿಯತ್ತೆ," ಎಂದ ಅಂಗಡಿಯವನು. ಜೀವನದಲ್ಲಿ ಮೊದಲ ಸಲ ಅವನು ತನ್ನ ನಿಯಮ ಮುರಿದಿದ್ದ.

"ವಾಪಸ್ ಯಾಕೆ? ಐವತ್ತೆರಡರಿಂದ ನಲವತ್ತೊಂಬತ್ತಕ್ಕೆ ಇನ್ನೊಂದು ಕೊಡಿ. ಮಧ್ಯೆ ಹಾಕ್ತೀನಿ. ತಂದ ಫಿಟಿಂಗನ್ನ ವಾಪಸ್ ಕೊಟ್ಟ ಚರಿತ್ರೆ ನಮ್ಮ ಸ್ಟೋರಿನಲ್ಲಿ ಇಲ್ಲ."

ಹೀಗೆ ಶುಕ್ರವಾರದ ಹೊತ್ತಿಗೆ ಕ್ಯಾಮೆರಾದ ಮುಂದೆ ಟ್ಯೂಬು, ಟ್ಯೂಬಿನ ಮುಂದೆ ಬಳೆ, ಬಳೆಯ ಮುಂದೆ ಬಳೆ, ಅದರ ಮುಂದೆ ವೈಡ್ ಲೆನ್ಸು ನಿಂತಿತು. ಸೋಪಿನ ಪೆಟ್ಟಿಗೆಗೆ ಆನೆಯ ಸೊಂಡಿಲು ಬಂದ ಹಾಗಿತ್ತು. ಮೈಗೆ ಮೈ ಅಂಟುವ ಚರ್ಮದ ಚೀಲಕ್ಕೆ ಅದು ಇನ್ನು ಈ ಜನ್ಮದಲ್ಲಿ ಹೋಗುವಂತಿರಲಿಲ್ಲ. ಸಾಹೇಬರ ಊಟದ ಡಬ್ಬಿಯ ಚೀಲಕ್ಕೆ ವರ್ಗವಾಯಿತು.

ಅಷ್ಟಕ್ಕೇ ಬಿಟ್ಟಿದ್ದರೂ ಒಂದು ದಾರಿ ಇತ್ತು. ಆದರೆ ಸಾಹೇಬರು ಸೊಂಡಿಲನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಕೂದಲೆಳೆಯಷ್ಟು ಅಲುಗಿತು. ಅಲುಗುವ ಜಾಯಿಂಟು ಎಂದರೆ ಅವರ ಪಾಲಿಗೆ ನೈತಿಕ ಅಧಃಪತನ. ಡ್ರಾಯರಿನಿಂದ ಟೆಫ್ಲಾನ್ ಟೇಪು ತೆಗೆದರು. ನಲ್ಲಿಯ ಥ್ರೆಡ್ಡಿಗೆ ನೀರು ಸೋರದಂತೆ ಸುತ್ತುತ್ತಾರಲ್ಲ, ಆ ಬಿಳಿಯ ತೆಳು ಟೇಪು. ಒಂದೊಂದು ಜಾಯಿಂಟಿಗೂ ಏಳೇಳು ಸುತ್ತು ಸುತ್ತಿ, ಪೈಪ್ ರೆಂಚಿನ ಬಾಯಿಗೆ ಬಟ್ಟೆ ಕಟ್ಟಿ (ಎಷ್ಟಾದರೂ ನಾಜೂಕು ವಸ್ತುವಲ್ಲವೇ) ಬಿಗಿದರು. ಅದೇ ಉತ್ಸಾಹದಲ್ಲಿ ಟ್ರೈಪಾಡಿನ ತಲೆಗೆ ಸಿಕ್ಕಿಸುವ ಪ್ಲೇಟನ್ನು ಕ್ಯಾಮೆರಾದ ಹೊಟ್ಟೆಗೆ ಒತ್ತಿ ಅದರ ಸ್ಕ್ರೂವನ್ನೂ ಸ್ಪ್ಯಾನರಿನಲ್ಲಿ ಬಿಗಿದರು.

"ಏನ್ ಮಾಡ್ತಾ ಇದ್ದೀರಿ?" ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. ಹೆದರಿಕೆಯಿಂದ ಆಕೆಯ ದನಿ ಸಣ್ಣದಾಗಿತ್ತು.

"ಒಂದು ಹನಿ ಬೆಳಕು ಸೋರಿದ್ರೆ ನನ್ನ ಕೇಳು."

"ಸೋರಲ್ಲ. ಅದು ಗೊತ್ತಾಯ್ತು. ಒಳಗೆ ಹೋಗತ್ತಾ?"

ಶನಿವಾರ ಮಧ್ಯಾಹ್ನ ಪರೀಕ್ಷೆ ನಡೆಯಿತು. ಅಡುಗೆಮನೆಯ ನಲ್ಲಿ, ಎದುರಿನಿಂದ. ಅಡುಗೆಮನೆಯ ನಲ್ಲಿ, ಪಕ್ಕದಿಂದ. ಫೋಟೋಗಳಲ್ಲಿ ನಾಲ್ಕೂ ಮೂಲೆ ಕಪ್ಪು, ನಡುವೆ ದುಂಡಗೆ ಒಂದು ಬೆಳಕಿನ ಬಿಲ್ಲೆ, ಅದರೊಳಗೆ ನಲ್ಲಿ. ಐವತ್ತೆರಡರಿಂದ ಮೂವತ್ತೇಳಕ್ಕೆ ಇಳಿದ ಸೊಂಡಿಲಿನ ಮೂಲಕ ಕ್ಯಾಮೆರಾಗೆ ಜಗತ್ತು ಹಾಗೆಯೇ ಕಾಣುತ್ತಿತ್ತು. ಹೆಂಡತಿ ಬಹಳ ಹೊತ್ತು ನೋಡಿದಳು.

"ಇದು ನಲ್ಲಿಯ ಫೋಟೋನಾ, ಅಥವಾ ನಲ್ಲಿಯ ಒಳಗೆ ಕೂತು ತೆಗೆದಿದ್ದಾ?"

"ಅದು ಒಂದು ಪರಿಣಾಮ. ದೃಷ್ಟಿ ಮಧ್ಯಕ್ಕೆ ಹೋಗತ್ತೆ."

"ರೀ, ನಾಳೆ ಹನ್ನೊಂದಕ್ಕೆ ಗಾಡಿ. ಅದನ್ನೆಲ್ಲ ಬಿಚ್ಚಿಬಿಡಿ. ಬರೀ ಕ್ಯಾಮೆರಾ ಕೊಡಿ ನಂಗೆ."

ಸಾಹೇಬರು ಬಿಚ್ಚಲು ಹೋಗಲಿಲ್ಲ. ಬಿಚ್ಚಲು ಬರುವುದಿಲ್ಲ ಎಂದು ಆಗಲೇ ಗುಟ್ಟಾಗಿ ಗೊತ್ತಾಗಿತ್ತು.

ಭಾನುವಾರ ಹತ್ತು ಗಂಟೆಗೆ ಮೂವರೂ ಅಂಗಡಿಯಲ್ಲಿದ್ದರು. ಗೋಡೆಯ ಗೂಡುಗಳೆಲ್ಲ ಖಾಲಿ. ಒಂದು ಮಷೀನು, ಒಂದು ಸ್ಟೂಲು, ಮಷೀನಿನ ಕುತ್ತಿಗೆಗೆ ಕಟ್ಟಿದ ಸಣ್ಣ ದೀಪ, ಮೂಲೆಯಲ್ಲಿ ಉಳಿದ ಕೋಟಿನ ಸಾಮಾನುಗಳ ಒಂದು ಬುಟ್ಟಿ. ಅತ್ತೆ ತಲೆ ಬಾಚಿ, ಒಗೆದು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು ತಯಾರಾಗಿದ್ದರು.

ಸಾಹೇಬರು ಟ್ರೈಪಾಡ್ ನಿಲ್ಲಿಸಿದರು. ಅದರ ಮೂರು ಕಾಲಿಗೆ ಜಾಗ ಸಾಲದೆ ಒಂದು ಕಾಲು ಮಷೀನಿನ ಪೆಡಲಿನ ಮೇಲೆ ನಿಂತಿತು. ಅತ್ತೆಯನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು, ಗಲ್ಲ ಎತ್ತಿಸಿದರು, ಇಳಿಸಿದರು. ಪರದೆಯ ಮೇಲಿನ ಬೆಳಕಿನ ಬಿಲ್ಲೆಯೊಳಗೆ ಒಮ್ಮೆ ಅತ್ತೆಯ ಮೂಗು ಬಂತು, ಒಮ್ಮೆ ಮಷೀನಿನ ಚಕ್ರ ಬಂತು. ಎರಡೂ ಒಟ್ಟಿಗೆ ಬರಲು ಒಪ್ಪಲಿಲ್ಲ.

"ಅಳಿಯಂದ್ರೇ," ಎಂದರು ಅತ್ತೆ, ಗಲ್ಲ ಇಳಿಸದೆಯೇ. "ಕೋಟಿಗೆ ಅಳತೆ ತಗೊಳ್ಳೋಕೆ ನಾನು ಇಷ್ಟು ಹೊತ್ತು ಮಾಡಿದ್ದಿದ್ರೆ, ಅಷ್ಟರಲ್ಲಿ ಗಿರಾಕಿ ದಪ್ಪ ಆಗಿರ್ತಿದ್ರು."

"ಇನ್ನೊಂದೇ ನಿಮಿಷ ಅತ್ತೆ."

ಹತ್ತೂ ನಲವತ್ತಕ್ಕೆ ಪರದೆಯ ಮೂಲೆಯಲ್ಲಿ ಕೆಂಪು ಗುರುತೊಂದು ಮಿಟುಕಿತು. ನಂತರ ಪರದೆಯೇ ಕತ್ತಲಾಯಿತು. ನಿನ್ನೆಯೆಲ್ಲ ನಲ್ಲಿಯ ಪರಿಣಾಮ ನೋಡಿ ನೋಡಿ ಬ್ಯಾಟರಿ ಮುಗಿದಿತ್ತು.

ಸಾಹೇಬರ ಮುಖ ಅರಳಿತು. ವಾರವಿಡೀ ಅವಮಾನ ಸಹಿಸಿದ ಮನುಷ್ಯನಿಗೆ ಇಂಥ ಗಳಿಗೆ ಬರಲೇಬೇಕು. ಡಬ್ಬಿಯ ಚೀಲದಿಂದ ಎರಡನೆಯ ಬ್ಯಾಟರಿ ತೆಗೆದು ಇಬ್ಬರಿಗೂ ತೋರಿಸಿದರು. "ಮುಂದಾಲೋಚನೆ ಅಂತಾರೆ ಇದಕ್ಕೆ," ಎಂದು ಕ್ಯಾಮೆರಾವನ್ನು ಟ್ರೈಪಾಡಿನಿಂದ ಎತ್ತಿ ತಿರುಗಿಸಿದರು.

ಬ್ಯಾಟರಿಯ ಬಾಗಿಲು ಕ್ಯಾಮೆರಾದ ಹೊಟ್ಟೆಯಲ್ಲಿತ್ತು. ಅದರ ಮೇಲೆ ಅಂಗೈ ಅಗಲಕ್ಕೆ ಟ್ರೈಪಾಡಿನ ಪ್ಲೇಟು ಕೂತಿತ್ತು. ಪ್ಲೇಟಿನ ಸ್ಕ್ರೂವನ್ನು ಸಾಹೇಬರು ಸ್ವತಃ ಸ್ಪ್ಯಾನರಿನಲ್ಲಿ ಬಿಗಿದಿದ್ದರು. ಸ್ಪ್ಯಾನರು ಮನೆಯಲ್ಲಿತ್ತು.

ಉಗುರಿನಿಂದ ತಿರುಗಿಸಿದರು. ಬೀಗದ ಕೈಯಿಂದ ತಿರುಗಿಸಿದರು. ಹಲ್ಲಿಗೆ ಹೋಗುವ ಹೊತ್ತಿಗೆ ಹೆಂಡತಿ ಕ್ಯಾಮೆರಾ ಕಸಿದುಕೊಂಡಳು. ಆಗಲೇ ಹೊರಗೆ ಗಾಡಿ ನಿಂತ ಸದ್ದಾಯಿತು. ದಪ್ಪ ಮೀಸೆಯ ಚಾಲಕ ಒಳಗೆ ತಲೆ ಹಾಕಿದ.

"ಇದೇನಾ ಅಮ್ಮಾ ಮಷೀನು? ಎತ್ಕೊಳ್ಲಾ? ಇನ್ನೂ ಎರಡು ಕಡೆ ಹೋಗ್ಬೇಕು ನಾನು."

ಹೆಂಡತಿ ಮಷೀನನ್ನೇ ನೋಡುತ್ತಾ ನಿಂತಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸಾಹೇಬರಿಗೆ. ಎರಡು ದಶಕಗಳಿಂದ ಆಕೆಯ ಬೈಗುಳಕ್ಕೆ ಒಗ್ಗಿದ ಕಿವಿ ಅವರದು. ಆ ಮೌನಕ್ಕೆ ಯಾವ ರೆಡ್ಯೂಸರ್ ಹಾಕಬೇಕೆಂದು ಅವರಿಗೆ ಗೊತ್ತಿರಲಿಲ್ಲ.

"ಹದಿನೈದು ನಿಮಿಷ ಕೊಡಪ್ಪಾ," ಎಂದರು ಅತ್ತೆ ಚಾಲಕನಿಗೆ. "ನಲವತ್ತೊಂದು ವರ್ಷ ಇಲ್ಲೇ ನಿಂತಿತ್ತು. ಹದಿನೈದು ನಿಮಿಷದಲ್ಲಿ ಓಡಿಹೋಗಲ್ಲ." ಮಗಳ ಕಡೆ ಕೈ ಚಾಚಿದರು. "ತಾ ಇಲ್ಲಿ ಅದನ್ನ."

ಕನ್ನಡಕ ಏರಿಸಿಕೊಂಡು, ಮಷೀನಿನ ದೀಪ ಹಾಕಿ, ಅದರ ಕೆಳಗೆ ಕ್ಯಾಮೆರಾ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಜಾಯಿಂಟಿನ ಅಂಚಿನಲ್ಲಿ ಬಿಳಿಯ ಎಳೆ ಇಣುಕುತ್ತಿತ್ತು.

"ಇದೇನಿದು ದಾರ?"

"ಟೆಫ್ಲಾನ್ ಅತ್ತೆ. ಸೋರಬಾರದು ಅಂತ."

"ಏನು ಸೋರಬಾರದು?"

ಸಾಹೇಬರು ಚಾಲಕನ ಕಡೆ ಓರೆನೋಟ ಬೀರಿದರು. ಕೆಲವು ಪ್ರಶ್ನೆಗಳು ಅಡುಗೆಮನೆಯಲ್ಲಿ ಒಂದು ಥರ ಕೇಳಿಸುತ್ತವೆ, ಚಾಲಕನ ಎದುರಿಗೆ ಇನ್ನೊಂದು ಥರ.

ಅತ್ತೆ ಮಷೀನಿನ ಡ್ರಾಯರಿನಿಂದ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದರು. "ಕೋಟು ಬಿಗಿಯಾಯ್ತು ಅಂದ್ರೆ ಒಳಗಿರೋ ಮನುಷ್ಯನ್ನ ಹಿಡಿದು ಎಳೆಯಲ್ಲ. ಹೊಲಿಗೆ ಬಿಚ್ತೀವಿ," ಎನ್ನುತ್ತಾ ಕೊಕ್ಕೆಯ ತುದಿಯನ್ನು ಥ್ರೆಡ್ಡಿನ ಸಂದಿಗೆ ಇಟ್ಟು ಎಳೆ ಎಳೆಯಾಗಿ ಟೇಪನ್ನು ಹೊರಗೆಳೆಯತೊಡಗಿದರು. ದಾರ ಪೋಣಿಸಲು ಮೂರು ಸಲ ಬೇಕಾದ ಕೈ ಬಿಚ್ಚುವ ಕೆಲಸದಲ್ಲಿ ಒಮ್ಮೆಯೂ ತಪ್ಪಲಿಲ್ಲ. ಬೆನ್ನು ಬಾಗಿತ್ತು. ದೀಪದ ಹಳದಿ ಬೆಳಕು ಕೆನ್ನೆಯ ಮೇಲೆ, ಬೆರಳ ಮೇಲೆ, ಮಷೀನಿನ ಕಪ್ಪು ಮೈಮೇಲೆ ಬಿದ್ದಿತ್ತು.

"ಇದೇ," ಎಂದಳು ಹೆಂಡತಿ ಮೆಲ್ಲಗೆ. "ಚಿಕ್ಕವಳಿದ್ದಾಗಿಂದ ನೋಡಿದ ಅಮ್ಮ ಇದೇ. ಇದೇ ಬೇಕಿತ್ತು ನಂಗೆ." ಆಮೇಲೆ ಗಂಡನ ಕಡೆ ತಿರುಗಿದಳು. "ತೆಗೀರಿ ಅನ್ನೋಣ ಅಂದ್ರೆ, ಕ್ಯಾಮೆರಾನೂ ಅವಳ ಕೈಯಲ್ಲೇ ಇದೆ."

ಸಾಹೇಬರು ತಮ್ಮ ಬೂಟುಗಳನ್ನು ನೋಡಿಕೊಂಡರು. ಬೂಟುಗಳ ಬಳಿಯೂ ಸಮಾಧಾನ ಇರಲಿಲ್ಲ.

ಹತ್ತನೆಯ ನಿಮಿಷಕ್ಕೆ ಸೊಂಡಿಲು ತಿರುಗಿತು. ಟ್ಯೂಬು, ಬಳೆ, ಬಳೆ, ಲೆನ್ಸು ಒಂದೇ ತುಂಡಾಗಿ ಕಳಚಿ ಬಂತು. ಅವುಗಳ ನಡುವಿನ ಸಂಬಂಧ ಇಂದಿಗೂ ಬಿಡಿಸಲಾಗಿಲ್ಲ. ಪ್ಲೇಟಿನ ಸ್ಕ್ರೂಗೆ ಅತ್ತೆ ಮಷೀನಿನ ಎಣ್ಣೆ ಬಿಟ್ಟರು, ಚಾಲಕ ತನ್ನ ಇಕ್ಕಳ ತಂದ. ಟಕ್ಕೆಂದಿತು. ಪ್ಲೇಟು ಬಂತು, ಆದರೆ ಸ್ಕ್ರೂವಿನ ತಲೆ ಇಕ್ಕಳದಲ್ಲೇ ಉಳಿಯಿತು. ಅಲ್ಲಿಗೆ ಟ್ರೈಪಾಡು ಬಟ್ಟೆ ಒಣಹಾಕುವುದಕ್ಕೂ ಬಾರದ ಮೂರು ಕೋಲಾಯಿತು. ಬ್ಯಾಟರಿ ಮಾತ್ರ ಒಳಗೆ ಹೋಯಿತು. ಆಮೆಯ ತಲೆ ಹೊರಗೆ ಬಂತು.

"ಈಗ ವೈಡ್ ಇಲ್ಲ," ಎಂದರು ಸಾಹೇಬರು ಕ್ಷೀಣ ಸ್ವರದಲ್ಲಿ. "ಇಷ್ಟು ಹತ್ತಿರದಿಂದ ಎರಡೂ ಬರಲ್ಲ."

"ನಂಗೆ ಇಲ್ಲಿಂದ ಎಲ್ಲಾ ಕಾಣ್ತಾ ಇದ್ಯಲ್ಲ ಸಾರ್," ಎಂದ ಚಾಲಕ. ಅವನು ಹೊಸ್ತಿಲಿನ ಆಚೆ, ಪಾದಚಾರಿ ಹಾದಿಯ ಮೇಲೆ ನಿಂತಿದ್ದ.

ಒಂದು ವಾರ, ನಾಲ್ಕು ಸಲ ಅಂಗಡಿ, ಎರಡು ಬಳೆ, ಒಂದು ಟ್ಯೂಬು. ಹೊಲಿಗೆ ಅಂಗಡಿಗೆ ಬಾಗಿಲಿದೆ, ಎರಡು ಹೆಜ್ಜೆ ಹಿಂದಕ್ಕೆ ಹೋಗಬಹುದು ಎಂಬುದು ಆ ನಾಲ್ವರಲ್ಲಿ ಹೊಳೆದದ್ದು ಕ್ಯಾಮೆರಾಗೆ ಸಂಬಂಧವೇ ಇಲ್ಲದ ಒಬ್ಬನಿಗೆ.

ಹೆಂಡತಿ ಹೊರಗೆ ಹೋಗಿ ನಿಂತು ಗುಂಡಿ ಒತ್ತಿದಳು. ಕ್ಯಾಮೆರಾ ನಿರಾಕರಿಸಿತು. ಕಾರ್ಡು ತುಂಬಿತ್ತು. ಆಕೆ ಒಂದೊಂದನ್ನೇ ತೆರೆದು ಅಳಿಸತೊಡಗಿದಳು. ಅಳಿಸುವ ಮೊದಲು ತರಗತಿಯಲ್ಲಿ ಹಾಜರಿ ಕೂಗುವವಳಂತೆ ಓದಿದಳು.

"ನಲ್ಲಿ. ನಲ್ಲಿ. ನಲ್ಲಿ, ಮೇಲಿನಿಂದ. ನೀವು, ಕನ್ನಡೀಲಿ. ನೀವು, ಕನ್ನಡೀಲಿ, ಕೈ ಕಟ್ಕೊಂಡು. ನೀವು, ಹುಬ್ಬು ಏರಿಸಿ."

"ಅದು ಬೆಳಕಿನ ಪರೀಕ್ಷೆ..."

"ಹುಬ್ಬಿಗೆ ಬೆಳಕು ಸಾಲ್ದೇ ಇತ್ತಾ ಸಾರ್?" ಎಂದು ಚಾಲಕ ಕಾಳಜಿಯಿಂದ ಕೇಳಿದ.

ಫ್ಲಾಶ್ ಆರಿಸಿ ಮೊದಲ ಫೋಟೋ ತೆಗೆದಳು. ಅಂಗಡಿಯೊಳಗೆ ಬೆಳಕು ಕಡಿಮೆ, ಆಕೆಯ ಕೈಗೆ ಅವಸರ. ಪರದೆ ನೋಡಿ ತುಟಿ ಕಚ್ಚಿದಳು. "ಅಮ್ಮನಿಗೆ ನಾಲ್ಕು ಕಣ್ಣು ಬಂದಿವೆ."

"ನಾಲ್ಕೂ ತೆರೆದಿವೆಯಾ?" ಎಂದರು ಅತ್ತೆ ಒಳಗಿನಿಂದ.

"ತೆರೆದಿವೆ."

"ಹಾಗಿದ್ರೆ ಅರ್ಧ ಕೆಲಸ ಆಯ್ತು. ಏನಾದ್ರೂ ಮೇಲೆ ಇಟ್ಟು ತೆಗಿ."

ಹಾದಿಯ ಮೇಲೆ ಇಡಲು ಏನೂ ಇರಲಿಲ್ಲ. ಗೋಡೆಯಿಲ್ಲ, ಕಂಬವಿಲ್ಲ. ಇದ್ದ ಒಂದು ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಚಾಲಕ ಗಡಿಯಾರ ನೋಡಿದ, ಹನ್ನೊಂದೂ ಹತ್ತು. ಹೆಂಡತಿ ಸುತ್ತ ನೋಡಿದಳು. ಆಕೆಯ ಕಣ್ಣು ನಿಧಾನವಾಗಿ ಗಂಡನ ಮೇಲೆ ಬಂದು ನಿಂತಿತು. ಎತ್ತರ ಅಳೆಯಿತು. ಅಗಲ ಅಳೆಯಿತು.

"ಕೂತ್ಕೊಳ್ಳಿ," ಎಂದಳು.

"ಎಲ್ಲಿ?"

"ಇಲ್ಲೇ. ಹೊಸ್ತಿಲ ಎದುರಿಗೆ. ಕಾಲು ಮಡಿಚಿ."

ನೀರು ಸರಬರಾಜು ಕಚೇರಿಯ ಸ್ಟೋರ್ ಕೀಪರ್ ಅವರು ಭಾನುವಾರದ ಬೀದಿಯಲ್ಲಿ, ಹೋಗಿಬರುವ ಜನರ ಕಾಲುಗಳ ನಡುವೆ, ಕಲ್ಲಿನ ಮೇಲೆ ಕೂತರು. ಹೆಂಡತಿ ಅವರ ತಲೆಯ ಮೇಲೆ ಕ್ಯಾಮೆರಾ ಇಟ್ಟಳು. ಕೂದಲಿಲ್ಲದ ನೆತ್ತಿಯ ಮೇಲೆ ಅದು ಜಾರಿತು.

"ತಗೋ," ಎಂದು ಅತ್ತೆ ಬುಟ್ಟಿಯಿಂದ ಒಂದು ಹತ್ತಿಯ ಮೆತ್ತೆ ಎಸೆದರು. ಕೋಟಿನ ಭುಜಕ್ಕೆ ಒಳಗಿನಿಂದ ಹೊಲಿಯುವಂಥದ್ದು. ಅದು ನೆತ್ತಿಯ ಮೇಲೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅದರ ಮೇಲೆ ಕ್ಯಾಮೆರಾ ಕೂತಿತು. ಕೂದಲೆಳೆಯಷ್ಟೂ ಅಲುಗಲಿಲ್ಲ.

"ಅಲ್ಲಾಡಬೇಡಿ. ಉಸಿರು ಹಿಡ್ಕೊಳ್ಳಿ. ಮಾತಂತೂ ಬೇಡವೇ ಬೇಡ."

ಸಾಹೇಬರು ಉಸಿರು ಹಿಡಿದರು. ಒಂದು ನಾಯಿ ಬಂದು ಅವರ ಮೊಣಕಾಲು ಮೂಸಿ, ನಿರ್ಜೀವ ವಸ್ತುವೆಂದು ಖಚಿತಪಡಿಸಿಕೊಂಡು ಮುಂದೆ ಹೋಯಿತು. ಒಳಗೆ ಅತ್ತೆ ಫೋಟೋಗೆ ತಕ್ಕ ಮುಖ ಮಾಡಿಕೊಂಡು, ಕಟ್ಟಿಗೆಯಂತೆ ಬಿಗಿದು ಕೂತಿದ್ದರು.

ಚಾಲಕ ಬಗ್ಗಿ ಆ ಏರ್ಪಾಟನ್ನು ಎರಡೂ ಕಡೆಯಿಂದ ಪರಿಶೀಲಿಸಿದ. "ಬಲೇ ಗಟ್ಟಿ ಸ್ಟ್ಯಾಂಡು. ಇದೂ ಕ್ಯಾಮೆರಾ ಅಂಗಡೀಲಿ ತಗೊಂಡಿದ್ದಾ ಅಮ್ಮಾ?"

"ಇಲ್ಲಪ್ಪಾ," ಎಂದರು ಅತ್ತೆ, ಮುಖ ಅಲುಗಿಸದಿರಲು ಕಷ್ಟಪಡುತ್ತಾ. "ಇದು ಇಪ್ಪತ್ತೆರಡು ವರ್ಷದ ಹಿಂದೆ ನಾವೇ ಹುಡುಕಿ, ಆರಿಸಿ ತಂದಿದ್ದು. ಎಲ್ಲಿ ಫಿಟ್ ಆಗತ್ತೆ ಅಂತ ಗೊತ್ತಾಗಿದ್ದು ಮಾತ್ರ ಇವತ್ತು."

ತಮ್ಮ ಮಾತಿಗೆ ತಾವೇ ತಡೆಯಲಾರದೆ, ಒಂದು ಕೈ ಮಷೀನಿನ ಮೇಲಿಟ್ಟುಕೊಂಡು, ಕಣ್ಣು ಅರಳಿಸಿ ಅವರು ನಕ್ಕರು. ಆಗ ಹೆಂಡತಿ ಗುಂಡಿ ಒತ್ತಿದಳು.